ಹೊಸ ಮನೆಗೆ ಬೀಳುವ ಡೆವಲಪ್‌ಮೆಂಟ್ ಚಾರ್ಜ್: ಒಂಟಾರಿಯೊದಲ್ಲಿ ಲೆಕ್ಕ ಹಾಕೋದು ಹೀಗೆ

ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ, ಟೊರಾಂಟೊ ಸುತ್ತಮುತ್ತ, ಬ್ರಾಂಪ್ಟನ್‌ನಲ್ಲೋ ಮಿಲ್ಟನ್‌ನಲ್ಲೋ ಹೊಸ ಮನೆ ಬುಕ್ ಮಾಡುವ ಕನ್ನಡಿಗರ ಕಣ್ಣಿಗೆ ಕರಾರು ಪತ್ರದಲ್ಲಿ ‘ಡೆವಲಪ್‌ಮೆಂಟ್ ಚಾರ್ಜ್’ ಅನ್ನುವ ಪದ ಬಿದ್ದೇ ಬೀಳುತ್ತದೆ. ಬಡಾವಣೆ ಬೆಳೆದರೆ ನೀರು, ಒಳಚರಂಡಿ, ರಸ್ತೆ, ಬಸ್ಸು, ಅಗ್ನಿಶಾಮಕ ಠಾಣೆ ಎಲ್ಲವೂ ಜಾಸ್ತಿ ಬೇಕು. ಆ ಖರ್ಚನ್ನು ಹಳಬರ ಆಸ್ತಿ ತೆರಿಗೆ ಮೇಲೆ ಹೇರುವ ಬದಲು ಹೊಸ ಕಟ್ಟಡದಿಂದಲೇ ವಸೂಲಿ ಮಾಡುವ ವ್ಯವಸ್ಥೆ ಇದು. ಸುಮ್ನೆ ಒಂದು ಮೊತ್ತ ಹೇಳಿ ಕಟ್ಟಿ ಅನ್ನುವ ಹಾಗಿಲ್ಲ. ಒಂಟಾರಿಯೊದ 1997ರ ಡೆವಲಪ್‌ಮೆಂಟ್ ಚಾರ್ಜಸ್ ಕಾಯ್ದೆ ನಗರಾಡಳಿತಕ್ಕೆ ಲೆಕ್ಕ ತೋರಿಸು ಅನ್ನುತ್ತದೆ.

ಮೊದಲು ಬೆಳವಣಿಗೆಯ ಅಂದಾಜು. ಮುಂದಿನ ವರ್ಷಗಳಲ್ಲಿ ಎಷ್ಟು ಜನ ಬರುತ್ತಾರೆ, ಎಷ್ಟು ಮನೆ ಏಳುತ್ತವೆ, ಎಷ್ಟು ಕೆಲಸ ಹುಟ್ಟುತ್ತವೆ ಅಂತ ನಗರಾಡಳಿತದವರು ಬರೆದುಕೊಳ್ಳುತ್ತಾರೆ. ಅಂದಾಜು ತಪ್ಪಿದರೆ ಮುಂದಿನದ್ದೆಲ್ಲ ತಪ್ಪುತ್ತದೆ.

ಆಮೇಲೆ ಕಾಮಗಾರಿಗಳ ಪಟ್ಟಿ. ಇಲ್ಲಿ ಎಲ್ಲವನ್ನೂ ತುರುಕಲು ಆಗುವುದಿಲ್ಲ. ಗ್ರಂಥಾಲಯ ಸೇರಿಸಬಹುದು, ಸಿಟಿ ಹಾಲ್ ಸೇರಿಸುವಂತಿಲ್ಲ. ಪಾರ್ಕ್ ಅಭಿವೃದ್ಧಿ ಮಾಡಬಹುದು, ಆದರೆ ಪಾರ್ಕಿಗೆ ಜಾಗ ಕೊಳ್ಳುವ ದುಡ್ಡನ್ನು ಇದರಲ್ಲಿ ಎತ್ತುವಂತಿಲ್ಲ. ಮ್ಯೂಸಿಯಂ ಕೂಡ ಪಟ್ಟಿಯಿಂದ ಹೊರಗೆ.

ಮೂರನೆಯದು ಕಳೆಯುವ ಹೆಜ್ಜೆ. ನನ್ನ ಕೇಳಿದರೆ ಇಡೀ ವ್ಯವಸ್ಥೆಯ ಜೀವ ಇರುವುದೇ ಇಲ್ಲಿ, ಗುದ್ದಾಟ ನಡೆಯುವುದೂ ಇಲ್ಲೇ. ಹೊಸ ಅಗ್ನಿಶಾಮಕ ಠಾಣೆಯಿಂದ ಹಳೇ ಬಡಾವಣೆಗೂ ಅನುಕೂಲವಾದರೆ ಆ ಪಾಲು ಕಳೆಯಬೇಕು. ಸರ್ಕಾರದ ಅನುದಾನ ಬಂದರೆ ಅದನ್ನೂ ಕಳೆಯಬೇಕು. ಈಗಿರುವ ಪೈಪಿನಲ್ಲಿ ಇನ್ನೂ ಜಾಗ ಇದ್ದರೆ ಅದನ್ನು ಮೊದಲು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಜೊತೆಗೆ ಒಂದು ಮಿತಿ ಇದೆ: ಗ್ರಂಥಾಲಯದಂಥ ಸೇವೆಯಲ್ಲಿ ಕಳೆದ 15 ವರ್ಷ ತಲೆಗೆ ಸರಾಸರಿ ಎಷ್ಟು ಕೊಟ್ಟಿದ್ದರೋ ಅದಕ್ಕಿಂತ ಮೇಲ್ಮಟ್ಟದ್ದನ್ನು ಹೊಸಬರ ದುಡ್ಡಲ್ಲಿ ಕಟ್ಟಿಕೊಳ್ಳುವಂತಿಲ್ಲ. 2022ರ ತಿದ್ದುಪಡಿಗೆ ಮುಂಚೆ ಇದು 10 ವರ್ಷ ಇತ್ತು.

ಒಂದು ಠಾಣೆ ಹಿಡಿದು ನೋಡೋಣ, ಅಂಕಿಗಳು ಬರೀ ಉದಾಹರಣೆಗೆ. ಖರ್ಚು 1 ಕೋಟಿ ಡಾಲರ್. ಹಳಬರ ಪಾಲು 30 ಲಕ್ಷ, ಅನುದಾನ 10 ಲಕ್ಷ ಕಳೆದರೆ ಉಳಿದದ್ದು 60 ಲಕ್ಷ. ಅದರಲ್ಲಿ ಮುಕ್ಕಾಲು ಪಾಲು ಮನೆಗಳದ್ದು, ಉಳಿದದ್ದು ಅಂಗಡಿ, ಕಾರ್ಖಾನೆಗಳದ್ದು ಅಂತ ಇಟ್ಟುಕೊಂಡರೆ ಮನೆಗಳ ಮೇಲೆ 45 ಲಕ್ಷ ಬಿತ್ತು. ಹೊಸದಾಗಿ ಬರುವವರು 18,000 ಜನ ಆದರೆ ತಲೆಗೆ 250 ಡಾಲರ್. ಒಂಟಿ ಮನೆಯಲ್ಲಿ ಸರಾಸರಿ 3.2 ಜನ, ಅಲ್ಲಿಗೆ 800. ಚಿಕ್ಕ ಅಪಾರ್ಟ್‌ಮೆಂಟಿನಲ್ಲಿ 1.6, ಅಲ್ಲಿಗೆ 400. ಹೀಗೇ ರಸ್ತೆಗೆ, ನೀರಿಗೆ, ಒಳಚರಂಡಿಗೆ ಬೇರೆ ಬೇರೆ ಲೆಕ್ಕ ಹಾಕಿ ಕೂಡುತ್ತಾ ಹೋದರೆ ಮೊತ್ತ ಎಲ್ಲಿಗೋ ಹೋಗಿ ನಿಲ್ಲುತ್ತದೆ! ಬ್ರಾಂಪ್ಟನ್‌ನಲ್ಲಿ ಸಿಟಿಯ ಶುಲ್ಕ ಒಂದು, ಅದರ ಮೇಲಿನ ಹಂತದ ಆಡಳಿತವಾದ ಪೀಲ್ ರೀಜನ್‌ದು ಇನ್ನೊಂದು.

ಬೆಂಗಳೂರಿನಲ್ಲೂ ಇಂಥದ್ದು ಇದೆ. 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 18ಎ ಕಲಂ ಪ್ರಕಾರ ಅನುಮತಿ ಕೊಡುವಾಗಲೇ ನೀರು, ವರ್ತುಲ ರಸ್ತೆ, ಕೊಳೆಗೇರಿ ಸುಧಾರಣೆ, ಸಾಮೂಹಿಕ ಸಾರಿಗೆ ಅಂತ ಸೆಸ್, ಸರ್‌ಚಾರ್ಜ್ ಹಾಕಬಹುದು. ಫ್ಲ್ಯಾಟ್ ಕೊಳ್ಳುವವರಿಗೆ ಕಾಣುವುದು ಮಾತ್ರ ಬಿಲ್ಡರ್ ಕೊಟ್ಟ ಹಾಳೆಯ ಕೊನೇ ಸಾಲು. ಹಳಬರ ಪಾಲು ಎಷ್ಟು ಕಳೆದಿರಿ ಅಂತ ಯಾರನ್ನು ಕೇಳೋದು?

ಒಂಟಾರಿಯೊದಲ್ಲಿ ಕೇಳಲು ಜಾಗ ಇದೆ. ಈ ಶುಲ್ಕ ಹಾಕುವ ಬೈಲಾ (ಸ್ಥಳೀಯ ಕಾನೂನು) ಪಾಸ್ ಮಾಡುವ ಕನಿಷ್ಠ 60 ದಿನ ಮುಂಚೆ ಇಡೀ ಅಧ್ಯಯನ ವರದಿಯನ್ನು ನಗರಾಡಳಿತ ತನ್ನ ವೆಬ್‌ಸೈಟಿನಲ್ಲಿ ಹಾಕಬೇಕು, ಸಾರ್ವಜನಿಕ ಸಭೆ ಕರೆಯಬೇಕು. ಒಪ್ಪಿಗೆ ಇಲ್ಲದವರು ಬೈಲಾ ಪಾಸಾದ 40 ದಿನದೊಳಗೆ ಇಂಥ ತಕರಾರು ಕೇಳುವ ನ್ಯಾಯಮಂಡಳಿಯಾದ ಒಂಟಾರಿಯೊ ಲ್ಯಾಂಡ್ ಟ್ರಿಬ್ಯೂನಲ್‌ಗೆ ಮೇಲ್ಮನವಿ ಹಾಕಬಹುದು. ವರದಿ ಕೈಗೆ ಸಿಕ್ಕರೆ ಮೊದಲು ‘ಈಗಿರುವವರಿಗೆ ಲಾಭ’ ಅನ್ನುವ ಕಾಲಂ ನೋಡಿ. ಹಳೇ ಊರಿನ ನಡುವಿನ ರಸ್ತೆ ಅಗಲ ಮಾಡುವ ಕೆಲಸಕ್ಕೆ ಅಲ್ಲಿ ಸೊನ್ನೆ ಇದ್ದರೆ ಯಾಕೆ ಅಂತ ಸಭೆಯಲ್ಲೇ ಕೇಳಿ.

ಬಂದ ದುಡ್ಡು ಆಯಾ ಸೇವೆಯ ಮೀಸಲು ನಿಧಿಗೆ ಹೋಗಬೇಕು. ವರ್ಷಕ್ಕೊಮ್ಮೆ ಖಜಾಂಚಿ ಲೆಕ್ಕ ಕೊಡಬೇಕು. ನೀರು, ಒಳಚರಂಡಿ, ರಸ್ತೆ ನಿಧಿಗಳಲ್ಲಿ ವರ್ಷದ ಆರಂಭಕ್ಕೆ ಇರುವ ಹಣದ ಶೇ 60ರಷ್ಟನ್ನಾದರೂ ಖರ್ಚು ಮಾಡಬೇಕು ಇಲ್ಲವೇ ಯಾವ ಕೆಲಸಕ್ಕೆ ಅಂತ ಗೊತ್ತು ಮಾಡಿರಬೇಕು.

ಶುಲ್ಕ ಕಟ್ಟುವವನು ಬಿಲ್ಡರ್, ಸಾಮಾನ್ಯವಾಗಿ ಕಟ್ಟಡ ಪರವಾನಗಿ ಪಡೆಯುವಾಗ. ವಸತಿ ಕಟ್ಟಡಗಳಿಗೆ ಜನ ವಾಸಕ್ಕೆ ಬರುವ ಹೊತ್ತಿನವರೆಗೆ ಮುಂದೂಡಲು 2025ರ ತಿದ್ದುಪಡಿ ದಾರಿ ಮಾಡಿದೆ. ನೀವು ನೋಡಬೇಕಾದದ್ದು ಕರಾರಿನಲ್ಲಿರುವ ‘ಅಡ್ಜಸ್ಟ್‌ಮೆಂಟ್ಸ್’ ಭಾಗ. ಬುಕ್ ಮಾಡಿದ ಮೇಲೆ ಶುಲ್ಕ ಏರಿದರೆ ಹೆಚ್ಚಾದ ಮೊತ್ತ ಕೊಳ್ಳುವವರ ಮೇಲೆ ಅಂತ ಅಲ್ಲಿ ಬರೆದಿರಬಹುದು, ಕೀಲಿ ಕೊಡುವ ದಿನ ಸಾವಿರಾರು ಡಾಲರ್ ಬಿಲ್ ಬರೋದು ಹೀಗೆ. ಇಂತಿಷ್ಟಕ್ಕಿಂತ ಮೇಲೆ ಕೊಡುವುದಿಲ್ಲ ಅಂತ ಒಂದು ಮಿತಿ ಬರೆಸಿಕೊಳ್ಳಿ. ಬಿಲ್ಡರ್‌ನಿಂದ ಹೊಸ ಕಾಂಡೊ (ಫ್ಲ್ಯಾಟ್ ಥರದ್ದು) ಕೊಂಡರೆ ಕರಾರು ರದ್ದು ಮಾಡಲು 10 ದಿನ ಸಮಯ ಇರುತ್ತದೆ. ವಕೀಲರಿಗೆ ಓದಿಸುವುದನ್ನು ಅಷ್ಟರೊಳಗೆ ಮುಗಿಸಿ.