ಗುರಾಯಿಸಬೇಡಿ, ನೋಡಿ: ಬಾಯಿ ತೆರೆಯುವ ಮುಂಚೆಯೇ ಹೆಣ್ಣಿಗೆ ಹಿಡಿಸುವುದು ಹೇಗೆ?

ನಾಟಕದ ತರಬೇತಿ ಶಿಬಿರಗಳಲ್ಲಿ ಹುಡುಗರಿಗೆ ನಾನು ಕೊಡುವ ಮೊದಲ ಕೆಲಸ ಬಹಳ ಸುಲಭದ್ದು. ಬಾಗಿಲಿನಿಂದ ಒಳಗೆ ಬನ್ನಿ, ಎದುರು ಕೂತ ಹುಡುಗಿಯನ್ನು ನೋಡಿ, ಅವಳ ಹತ್ತಿರದ ಕುರ್ಚಿಯಲ್ಲಿ ಕೂತುಕೊಳ್ಳಿ. ಮಾತಾಡುವ ಹಾಗಿಲ್ಲ. ಇಷ್ಟರಲ್ಲೇ ಹೆಚ್ಚಿನವರು ಎಡವುತ್ತಾರೆ. ಒಬ್ಬ ಬಿದ್ದುಹೋದ ನಾಣ್ಯ ಹುಡುಕುವವನಂತೆ ನೆಲ ನೋಡಿಕೊಂಡು ಬರುತ್ತಾನೆ. ಇನ್ನೊಬ್ಬ ಎದೆ ಉಬ್ಬಿಸಿಕೊಂಡು ಕುಸ್ತಿಗೆ ಇಳಿದವನಂತೆ ಬರುತ್ತಾನೆ. ಮತ್ತೊಬ್ಬನ ಕಣ್ಣು ಅವಳ ಮುಖಕ್ಕೆ ಅಂಟಿಕೊಂಡರೆ ಬಿಡಿಸಲು ಜನ ಕರೆಯಬೇಕು. ಆಮೇಲೆ ಪಕ್ಕಕ್ಕೆ ಬಂದು ಮೆಲ್ಲಗೆ ಕೇಳುತ್ತಾರೆ: "ಅಕ್ಕಾ, ಹುಡುಗಿಯರಿಗೆ ನಿಜವಾಗಿ ಏನು ಇಷ್ಟ?"

ಹದಿನೈದು ವರ್ಷದಿಂದ ಈ ಪ್ರಶ್ನೆಗೆ ಬಿಡಿಬಿಡಿಯಾಗಿ ಉತ್ತರ ಕೊಟ್ಟಿದ್ದೇನೆ. ಈಗ ಒಟ್ಟಿಗೆ ಬರೆಯುತ್ತಿದ್ದೇನೆ.

ಶುರು ಮಾಡುವ ಮುಂಚೆ ಒಂದು ಸುಳ್ಳನ್ನು ಪಕ್ಕಕ್ಕಿಡೋಣ. "ಮಾತಿನ ಪಾಲು ಬರೀ ಶೇ 7, ಉಳಿದ ಶೇ 93 ದೇಹಭಾಷೆ" ಎಂದು ಯಾರಾದರೂ ನಿಮಗೆ ಹೇಳಿರುತ್ತಾರೆ. ಈ ಲೆಕ್ಕ ಬಂದದ್ದು ಆಲ್ಬರ್ಟ್ ಮೆಹ್ರಾಬಿಯನ್ ಎಂಬ ಮನಶ್ಶಾಸ್ತ್ರಜ್ಞರು 1967ರಲ್ಲಿ ಪ್ರಕಟಿಸಿದ ಪ್ರಯೋಗಗಳಿಂದ. ಮಾತು ಒಂದು ಹೇಳಿ, ದನಿ ಮತ್ತು ಮುಖ ಇನ್ನೊಂದು ಹೇಳಿದಾಗ ಜನ ಯಾವುದನ್ನು ನಂಬುತ್ತಾರೆ ಎಂಬುದಷ್ಟೇ ಅಲ್ಲಿನ ವಿಷಯ. ಎಲ್ಲ ಮಾತುಕತೆಗೂ ಅದು ಅನ್ವಯಿಸುವುದಿಲ್ಲ ಎಂದು ಅವರೇ ಹೇಳಿದ್ದಾರೆ. ಹಾಗಾಗಿ ದೇಹ ಚೆನ್ನಾಗಿ ಮಾತಾಡಿತು ಅಂತ ನೀವು ಬಾಯಿಗೆ ಬಂದದ್ದು ಹೇಳುವ ಹಾಗಿಲ್ಲ.

ಹೆಜ್ಜೆ 1: ವಾಸನೆ

ಸ್ನಾನ ಮಾಡಿ. ಒಗೆದ ಬಟ್ಟೆ ಹಾಕಿ. ಇದನ್ನು ಬರೆಯಬೇಕಾಗಿ ಬಂದಿದೆಯಲ್ಲ ಅನ್ನುವುದೇ ಬೇಜಾರು.

ಆದರೆ ಒಂದು ತಪ್ಪನ್ನು ಮಾತ್ರ ಬಿಡಿಸಿ ಹೇಳಬೇಕು. ಬೆವರಿಗೆ ಹೆಚ್ಚುಕಡಿಮೆ ವಾಸನೆಯೇ ಇಲ್ಲ. ಕಂಕುಳಿನ ಬ್ಯಾಕ್ಟೀರಿಯಾ ಅದನ್ನು ಒಡೆದಾಗ ನಾತ ಹುಟ್ಟುತ್ತದೆ. ಬೆವರಿದ ಮೈಮೇಲೆ ಬಾಡಿ ಸ್ಪ್ರೇ ಹೊಡೆದರೆ ಆ ಬ್ಯಾಕ್ಟೀರಿಯಾ ಎಲ್ಲಿಗೂ ಹೋಗುವುದಿಲ್ಲ. ಹೂವಿನ ಬುಟ್ಟಿಯಲ್ಲಿ ಹಳೇ ಸಾಕ್ಸ್ ಇಟ್ಟ ಹಾಗಾಗುತ್ತದೆ, ಅಷ್ಟೇ. ಬೆವರು ಜಾಸ್ತಿ ಇದ್ದರೆ ಆಂಟಿಪರ್ಸ್ಪಿರೆಂಟ್, ಅಂದರೆ ಬೆವರನ್ನೇ ಕಡಿಮೆ ಮಾಡುವ ಲೇಪ ತಗೊಳ್ಳಿ. ಅದನ್ನು ರಾತ್ರಿ ಮಲಗುವ ಮುಂಚೆ, ಒಣಗಿದ ಚರ್ಮಕ್ಕೆ ಹಚ್ಚಿ. ಬೆಳಗ್ಗೆ ಅವಸರದಲ್ಲಿ ಹಚ್ಚುವುದಕ್ಕಿಂತ ಚೆನ್ನಾಗಿ ಕೆಲಸ ಮಾಡುತ್ತದೆ. ಬಾಯಿ ವಾಸನೆಯ ಬೇರು ಹೆಚ್ಚಾಗಿ ನಾಲಗೆಯ ಹಿಂಭಾಗದಲ್ಲಿರುತ್ತದೆ. ಚೂಯಿಂಗ್ ಗಮ್ ಆಮೇಲೆ, ಮೊದಲು ನಾಲಗೆ ಕೆರೆಯಿರಿ.

ಇನ್ನು "ಫೆರೋಮೋನ್ ಸೆಂಟ್". ಫೆರೋಮೋನ್ ಅಂದರೆ ಪ್ರಾಣಿಗಳು ತಮ್ಮದೇ ಜಾತಿಯ ಇನ್ನೊಂದಕ್ಕೆ ಸನ್ನೆ ಕೊಡಲು ಮೈಯಿಂದ ಹೊರಬಿಡುವ ರಾಸಾಯನಿಕ. ಹಚ್ಚಿಕೊಂಡರೆ ಹುಡುಗಿಯರು ತಾವಾಗಿಯೇ ಹತ್ತಿರ ಬರುತ್ತಾರೆ ಎಂದು ಮಾರುವ ಸೀಸೆ. ದಯವಿಟ್ಟು ಕೊಳ್ಳಬೇಡಿ. ಮನುಷ್ಯರಲ್ಲಿ ಹೀಗೆ ಕೆಲಸ ಮಾಡುವ ಫೆರೋಮೋನ್ ಯಾವುದು ಎಂದು ಇವತ್ತಿನವರೆಗೆ ಯಾರೂ ಖಚಿತವಾಗಿ ಗುರುತಿಸಿಲ್ಲ. ಆಂಡ್ರೋಸ್ಟೆನೋನ್ ಅಂತ ಸೀಸೆಯ ಮೇಲೆ ಬರೆದಿದ್ದರೆ ಒಂದು ವಿಷಯ ತಿಳಿದಿರಲಿ: ಅದು ಗಂಡುಹಂದಿಯ ಜೊಲ್ಲಿನಲ್ಲಿದ್ದು ಹೆಣ್ಣುಹಂದಿಯನ್ನು ಒಲಿಸುವ ವಸ್ತು. ಮನುಷ್ಯರಲ್ಲಿ ಕೆಲವರಿಗೆ ಅದರ ವಾಸನೆಯೇ ಹತ್ತುವುದಿಲ್ಲ. ಇನ್ನು ಕೆಲವರಿಗೆ ಮೂತ್ರದ ವಾಸನೆ ಬಂದಂತಾಗುತ್ತದೆ.

ಹೆಜ್ಜೆ 2: ಬಟ್ಟೆ, ಗಡ್ಡ, ಉಗುರು

ಅಳತೆಗೆ ಸರಿಯಾದ ಬಟ್ಟೆ, ಕತ್ತರಿಸಿದ ಉಗುರು. ಗಡ್ಡ ಇರಲಿ, ಇಲ್ಲದಿರಲಿ, ಕತ್ತಿನ ಹತ್ತಿರದ ಗೆರೆ ನೀಟಾಗಿರಲಿ. ಮುಂದಕ್ಕೆ ಹೋಗೋಣ.

ಹೆಜ್ಜೆ 3: ನಿಲ್ಲುವುದು

ಇಲ್ಲಿ ಹುಡುಗರು ಯೂಟ್ಯೂಬ್ ನೋಡಿ ಕೆಟ್ಟಿದ್ದಾರೆ. ಕೈಕಾಲು ಅಗಲಿಸಿ, ಗತ್ತಿನ ಭಂಗಿಯಲ್ಲಿ ಎರಡು ನಿಮಿಷ ಇದ್ದರೆ ಹಾರ್ಮೋನೇ ಬದಲಾಗುತ್ತದೆ ಎಂದು 2010ರಲ್ಲಿ ಒಂದು ಅಧ್ಯಯನ ಹೇಳಿತು. 2015ರಲ್ಲಿ 200 ಜನರ ಮೇಲೆ ಅಂಥದೇ ಪ್ರಯೋಗ ಮಾಡಿ ನೋಡಿದಾಗ ಹಾರ್ಮೋನ್ ಅಲುಗಾಡಲಿಲ್ಲ. ಮೂಲ ಅಧ್ಯಯನದ ಮೊದಲ ಲೇಖಕಿ ಡಾನಾ ಕಾರ್ನಿ ಅವರೇ 2016ರಲ್ಲಿ, ಆ ಪರಿಣಾಮ ನಿಜ ಅಂತ ನನಗೆ ಈಗ ನಂಬಿಕೆಯಿಲ್ಲ ಎಂದು ಬಹಿರಂಗವಾಗಿ ಬರೆದರು. ಶಿಬಿರಕ್ಕೆ ಬರುವ ಹುಡುಗರಿಗೆ ಮಾತ್ರ ಈ ಸುದ್ದಿ ಇನ್ನೂ ಮುಟ್ಟಿಲ್ಲ.

ಬೇಕಾದ್ದು ಇಷ್ಟು. ತೂಕ ಎರಡೂ ಕಾಲಿನ ಮೇಲಿರಲಿ. ಭುಜವನ್ನು ಕಿವಿಯ ತನಕ ಎತ್ತಿ, ಉಸಿರು ಬಿಡುತ್ತಾ ಕೆಳಗೆ ಬೀಳಿಸಿ. ಬಿದ್ದ ಜಾಗವೇ ಅದರ ಜಾಗ. ಹಿಂದಕ್ಕೆ ಎಳೆದು ಸೆಟೆಸಬೇಡಿ. ಕೈ ಎಲ್ಲಿಡಬೇಕು ಎಂದು ಎಲ್ಲರೂ ಕೇಳುತ್ತಾರೆ. ಎಲ್ಲೂ ಇಡಬೇಡಿ, ಸುಮ್ನೆ ಜೋತುಬಿಡಿ. ಮೊದಲ ಐದು ನಿಮಿಷ ಕೈ ಮಾರುದ್ದ ಬೆಳೆದಂತೆ ಅನಿಸುತ್ತದೆ. ನೋಡುವವರಿಗೆ ಹಾಗೆ ಕಾಣುವುದಿಲ್ಲ.

ಹೆಜ್ಜೆ 4: ಕಣ್ಣು

ಎಲ್ಲ ಕೆಡುವುದು ಇಲ್ಲಿ. ಹಾಗಾಗಿ ನಿಧಾನವಾಗಿ ಹೋಗೋಣ.

"ಕಣ್ಣಿಗೆ ಕಣ್ಣಿಟ್ಟು ನೋಡು, ಆತ್ಮವಿಶ್ವಾಸ ಕಾಣುತ್ತದೆ" ಎಂದು ಕೇಳಿಸಿಕೊಂಡ ಹುಡುಗ ಅದನ್ನು ಯಾರು ಮೊದಲು ರೆಪ್ಪೆ ಬಡಿಯುತ್ತಾರೋ ನೋಡುವ ಪಂದ್ಯ ಎಂದುಕೊಳ್ಳುತ್ತಾನೆ. ಎದುರು ಕೂತವಳಿಗೆ ಅದು ಆತ್ಮವಿಶ್ವಾಸ ಅನಿಸುವುದಿಲ್ಲ. ಹೊರಗೆ ಹೋಗುವ ಬಾಗಿಲು ಎಲ್ಲಿದೆ ಎಂದು ಅವಳು ಹುಡುಕುತ್ತಾಳೆ. ನಾನೂ ಹುಡುಕಿದ್ದೇನೆ.

ಹಾಗಾದರೆ ಎಷ್ಟು ಹೊತ್ತು ನೋಡಬೇಕು? ಲಂಡನ್ನಿನ ಸೈನ್ಸ್ ಮ್ಯೂಸಿಯಂಗೆ ಬಂದ ಸುಮಾರು 500 ಜನರಿಗೆ ಇದನ್ನೇ ಕೇಳಿದ ಅಧ್ಯಯನವೊಂದು 2016ರಲ್ಲಿ ಪ್ರಕಟವಾಯಿತು. ಪರದೆಯ ಮೇಲಿನ ಮುಖವೊಂದು ಅವರ ಕಣ್ಣನ್ನೇ ನೋಡುತ್ತದೆ. ಎಷ್ಟು ಹೊತ್ತಿನ ನೋಟ ಹಿತ, ಎಲ್ಲಿಂದ ಮುಜುಗರ ಶುರು ಎಂದು ಅವರು ಹೇಳಬೇಕು. ಹಿತವಾದ ನೋಟದ ಸರಾಸರಿ 3.3 ಸೆಕೆಂಡ್. ಬಹುಪಾಲು ಜನರ ಉತ್ತರ 2ರಿಂದ 5 ಸೆಕೆಂಡಿನ ನಡುವೆ ಇತ್ತು. ಅಂದರೆ ನೀವು ಅಂದುಕೊಂಡದ್ದಕ್ಕಿಂತ ತುಂಬಾ ಕಡಿಮೆ, ಅಲ್ವಾ?

ಹಾಗಂತ ಎದುರಿಗೆ ಕೂತು ಮನಸ್ಸಿನಲ್ಲೇ ಸೆಕೆಂಡ್ ಎಣಿಸಬೇಡಿ. ಎಣಿಸುವವನ ಮುಖ ಎಣಿಸುವವನ ಮುಖದಂತೆಯೇ ಇರುತ್ತದೆ. ಎಣಿಕೆ ಮನೆಯಲ್ಲಿ ಮಾಡುವ ಅಭ್ಯಾಸ. ಗೆಳೆಯನನ್ನು ಕೂರಿಸಿಕೊಂಡು ಅವನ ಬೆಳಗಿನಿಂದ ಸಂಜೆವರೆಗಿನ ಕಥೆ ಕೇಳಿ. ಒಂದು ವಾಕ್ಯ ಮುಗಿಯುವವರೆಗೆ ಅವನ ಕಣ್ಣು ನೋಡಿ, ವಾಕ್ಯ ಮುಗಿದಾಗ ನೋಟ ಬಿಡಿ. ಮತ್ತೆ ಹಿಡಿಯಿರಿ. ಮಾತಿನ ಲಯವೇ ನಿಮ್ಮ ಗಡಿಯಾರ. ವಾರದಲ್ಲಿ ನಾಲ್ಕು ದಿನ, ದಿನಕ್ಕೆ ಹತ್ತು ನಿಮಿಷ ಸಾಕು.

ನೋಟ ಬಿಡುವುದೂ ಒಂದು ಕಲೆ. ಬಿಟ್ಟ ಕಣ್ಣು ಪಕ್ಕಕ್ಕೆ ಹೋಗಲಿ: ಕಿಟಕಿ, ಗೋಡೆ, ನಿಮ್ಮದೇ ಕೈ. ಕೆಳಗೆ ಹೋಗಬಾರದು. ಅವಳ ಮುಖದಿಂದ ಕೆಳಗೆ ಜಾರಿದ ಕಣ್ಣು ಎಲ್ಲಿಗೆ ಹೋಯಿತು ಎಂಬುದು ಅವಳಿಗೆ ಗೊತ್ತಾಗುತ್ತದೆ. ಪ್ರತಿ ಸಲವೂ ಗೊತ್ತಾಗುತ್ತದೆ. "ಅರೆ ಕ್ಷಣ ನೋಡಿದೆ, ಅವಳಿಗೆ ತಿಳಿಯಲಿಲ್ಲ" ಎಂದು ಹೇಳಿದ ಹುಡುಗರನ್ನೆಲ್ಲ ನಾನು ಪಕ್ಕದಲ್ಲಿ ಕೂತ ಹುಡುಗಿಯರ ಮುಂದೆ ನಿಲ್ಲಿಸಿ ಕೇಳಿದ್ದೇನೆ. ಅವರು ಜೋರಾಗಿ ನಕ್ಕಿದ್ದಾರೆ.

ಇನ್ನೊಂದು ಗುಟ್ಟು. ಸಹಜವಾದ ಮಾತುಕತೆಯಲ್ಲಿ ಕೇಳುವವರು ಜಾಸ್ತಿ ನೋಡುತ್ತಾರೆ, ಮಾತಾಡುವವರು ಕಡಿಮೆ ನೋಡುತ್ತಾರೆ. ಮಾತಾಡುವಾಗ ಪದ ಹುಡುಕಬೇಕಲ್ಲ, ಕಣ್ಣು ಅಲ್ಲಿ ಇಲ್ಲಿ ಹೋಗುತ್ತದೆ. ಹೆದರಿದ ಗಂಡಸರು ಇದನ್ನು ತಲೆಕೆಳಗು ಮಾಡುತ್ತಾರೆ. ತಮ್ಮ ಸಾಹಸ ಹೇಳುವಾಗ ನೆಟ್ಟ ನೋಟ, ಅವಳು ಮಾತಾಡುವಾಗ ಮೊಬೈಲ್. ನೀವು ಬದಲಿಸಬೇಕಾದದ್ದು ಒಂದೇ ಒಂದು ಅಂದರೆ, ಇದನ್ನು ಬದಲಿಸಿ.

ಕೂರುವಾಗ ಎದುರಾಎದುರು ಬೇಡ. ಮೇಜಿನ ಮೂಲೆಯಲ್ಲಿ ಒಬ್ಬೊಬ್ಬರು ಒಂದೊಂದು ಬದಿಗೆ ಕೂತರೆ ಕಣ್ಣಿಗೆ ಬೇರೆ ಕಡೆ ಹೋಗಲು ದಾರಿ ಇರುತ್ತದೆ. ಎದುರಾಎದುರು ಕೂತರೆ ಕೆಲಸದ ಸಂದರ್ಶನ. ಕಣ್ಣು ಕೂಡಿಸುವುದೇ ನಿಮಗೆ ಹಿಂಸೆ ಅನಿಸಿದರೆ ಹುಬ್ಬುಗಳ ನಡುವೆ ನೋಡಿ. ಎರಡು ಮೂರು ಅಡಿ ದೂರದಿಂದ ವ್ಯತ್ಯಾಸ ತಿಳಿಯುವುದಿಲ್ಲ. ಮೂಗಿನ ತುದಿ ನೋಡಿ ಅನ್ನುವವರೂ ಇದ್ದಾರೆ. ಬೇಡ, ಅವಳು ಮೂಗು ಒರೆಸಿಕೊಳ್ಳಲು ಶುರು ಮಾಡುತ್ತಾಳೆ.

ದೂರದಲ್ಲಿ ಕೂತ ಅಪರಿಚಿತಳ ವಿಷಯ ಬೇರೆ. ಒಮ್ಮೆ ನೋಡಿ, ಬಿಡಿ. ಅವಳು ತಾನಾಗಿ ಮತ್ತೆ ನೋಡಿ, ಮುಖ ಸಡಿಲ ಮಾಡಿದರೆ ಮಾತ್ರ ಎರಡನೇ ನೋಟ. ಇಲ್ಲದಿದ್ದರೆ ಅಲ್ಲಿಗೆ ಮುಗಿಯಿತು.

ಹೆಜ್ಜೆ 5: ನಗು

ಬಾಯಿಯ ತುದಿಯನ್ನು ನಾವು ಬೇಕೆಂದಾಗ ಎಳೆಯಬಹುದು. ಕಣ್ಣಿನ ಸುತ್ತಲಿನ ಸ್ನಾಯು ಅಷ್ಟು ಸುಲಭಕ್ಕೆ ಮಾತು ಕೇಳುವುದಿಲ್ಲ. ಫ್ರಾನ್ಸಿನ ವೈದ್ಯ ಡುಷೆನ್ ಇದನ್ನು 1862ರಲ್ಲೇ ಬರೆದಿಟ್ಟರು. ಅದಕ್ಕೇ ಕಣ್ಣಂಚು ಸುಕ್ಕಾಗುವ ನಗುವಿಗೆ ಇವತ್ತಿಗೂ ಅವರ ಹೆಸರು. ಫೋಟೋಕ್ಕೆ ಹಲ್ಲು ಕಿರಿಯುವ ಹಾಗೆ ಒಳಗೆ ಕಾಲಿಡುವಾಗಲೇ ನಗು ಅಂಟಿಸಿಕೊಂಡು ಬರಬೇಡಿ. ಅವಳನ್ನು ನೋಡಿ, ಒಂದು ಉಸಿರು ಬಿಟ್ಟು, ಆಮೇಲೆ ನಗು ಬರಲಿ. ತಡವಾಗಿ ಬಂದ ನಗು ಅವಳಿಗಾಗಿಯೇ ಬಂದದ್ದು ಅನಿಸುತ್ತದೆ. ಕನ್ನಡಿ ಮುಂದೆ ಅಭ್ಯಾಸ ಮಾಡಬೇಡಿ, ಇನ್ನೂ ಕೆಡುತ್ತದೆ.

ಹೆಜ್ಜೆ 6: ಅಂತರ

ಎಡ್ವರ್ಡ್ ಹಾಲ್ ಎಂಬ ಮಾನವಶಾಸ್ತ್ರಜ್ಞರು 1960ರ ದಶಕದಲ್ಲಿ ಅಮೆರಿಕದ ಜನರನ್ನು ಗಮನಿಸಿ ಅಳತೆ ಕೊಟ್ಟರು: ಸುಮಾರು 45 ಸೆಂಟಿಮೀಟರಿನ ಒಳಗೆ ತೀರಾ ಹತ್ತಿರದವರಿಗೆ ಮಾತ್ರ ಜಾಗ, ಅಲ್ಲಿಂದ 1.2 ಮೀಟರ್‌ವರೆಗೆ ಗೆಳೆತನದ ಅಂತರ. ಬೇರೆ ಸಮಾಜಗಳಲ್ಲಿ ಈ ಲೆಕ್ಕ ಬದಲಾಗುತ್ತದೆ. ಟೇಪು ಹಿಡಿದು ಹೋಗಬೇಕಿಲ್ಲ. ಒಂದು ತೋಳಿನ ದೂರದಲ್ಲಿ ನಿಲ್ಲಿ. ಅವಳು ಹತ್ತಿರ ಬಂದರೆ ನೀವು ಹಿಂದೆ ಸರಿಯಬೇಕಿಲ್ಲ. ಅವಳು ಹಿಂದೆ ಸರಿದರೆ ನೀವು ಮುಂದೆ ಹೋಗುವ ಹಾಗಿಲ್ಲ. ಸದ್ದು ಜಾಸ್ತಿ ಇದೆ ಎಂದು ಕಿವಿಗೆ ಬಾಯಿಟ್ಟು ಮಾತಾಡುವುದು ಹಳೇ ಉಪಾಯ, ಎಲ್ಲರಿಗೂ ಗೊತ್ತಿದೆ. ಮುಟ್ಟುವ ಪ್ರಶ್ನೆಯೇ ಇಲ್ಲ.

ಹೆಜ್ಜೆ 7: ಅವಳ ದೇಹವನ್ನೂ ಓದುವುದು

ಇಲ್ಲಿಯ ತನಕ ಸರಿಯಾಗಿ ಬಂದ ಹುಡುಗರೂ ಈ ಜಾಗದಲ್ಲಿ ಕಳೆದುಹೋಗುತ್ತಾರೆ. ಅಮೆರಿಕದ ಮೋನಿಕಾ ಮೂರ್ ಎಂಬ ಸಂಶೋಧಕಿ ಹೆಂಗಸರ ನೋಟ, ನಗು, ತಲೆ ಅಲುಗಿಸುವ ರೀತಿಗಳನ್ನು ದೂರದಿಂದ ಗಮನಿಸಿ, ಮಾತಿಲ್ಲದೆ ಆಸಕ್ತಿ ತೋರಿಸುವ 52 ಬಗೆಗಳನ್ನು 1985ರಲ್ಲಿ ಪಟ್ಟಿ ಮಾಡಿದರು. ಗಂಡಸು ಬಂದು ಮಾತಾಡಿಸುವ ಮುಂಚೆ ಸಾಮಾನ್ಯವಾಗಿ ಹೆಣ್ಣೇ ಸನ್ನೆ ಕೊಟ್ಟಿರುತ್ತಾಳೆ. ಇದನ್ನು ಕೇಳಿದ ಕೂಡಲೇ ಹುಡುಗರು ಕೂದಲು ಸರಿಮಾಡಿಕೊಂಡ ಪ್ರತಿಯೊಬ್ಬಳೂ ತನಗೇ ಸನ್ನೆ ಮಾಡಿದಳು ಎಂದುಕೊಳ್ಳುತ್ತಾರೆ. ಕೂದಲು ಕಣ್ಣಿಗೆ ಬಿದ್ದಿತ್ತು ಮಾರಾಯ, ಅಷ್ಟೇ.

ಇದಕ್ಕೂ ಪುರಾವೆ ಇದೆ. 1982ರಲ್ಲಿ ಆಂಟೋನಿಯಾ ಆಬಿ ಎಂಬ ಮನಶ್ಶಾಸ್ತ್ರಜ್ಞೆ, ಗಂಡು ಹೆಣ್ಣು ಮಾತಾಡುವುದನ್ನು ಬೇರೆಯವರಿಗೆ ಗುಟ್ಟಾಗಿ ತೋರಿಸಿದರು. ಹೆಂಗಸರು ಬರೀ ಸ್ನೇಹ ಕಂಡ ಕಡೆ ಗಂಡಸರು ಬೇರೇನೋ ಕಂಡರು. ಹಾಗಾಗಿ ಒಂದು ಸನ್ನೆಯನ್ನು ನಂಬಬೇಡಿ. ಅವಳು ನಿಮ್ಮ ಕಡೆ ತಿರುಗಿ ಕೂತಿದ್ದಾಳಾ, ತಾನೂ ಪ್ರಶ್ನೆ ಕೇಳುತ್ತಿದ್ದಾಳಾ, ಮಾತು ನಿಂತಾಗ ತಾನೇ ಮುಂದುವರಿಸುತ್ತಾಳಾ? ಮೂರೂ ಇದ್ದರೆ ಕೂತಿರಿ. ಬ್ಯಾಗು ಮಡಿಲಿಗೆ ಬಂದು, ಉತ್ತರ ಒಂದೊಂದೇ ಪದಕ್ಕೆ ಇಳಿದು, ಕಣ್ಣು ನಿಮ್ಮ ಭುಜದಾಚೆಗೆ ಹೋಗುತ್ತಿದ್ದರೆ ಏಳಿ. ಕೆಲಸದ ಜಾಗದಲ್ಲಿ ನಗುನಗುತ್ತಾ ಮಾತಾಡಿಸುವವಳಿಗೆ ಆ ನಗು ಕೆಲಸದ ಭಾಗ. ಅದನ್ನು ಲೆಕ್ಕಕ್ಕೇ ತಗೊಳ್ಳಬೇಡಿ.

ಹೆಜ್ಜೆ 8: ಗುಣ ಕಾಣುವ ಜಾಗ

ಡೇವಿಡ್ ಬಸ್ ಎಂಬ ಮನಶ್ಶಾಸ್ತ್ರಜ್ಞರು 37 ಸಂಸ್ಕೃತಿಗಳ 10 ಸಾವಿರಕ್ಕೂ ಹೆಚ್ಚು ಜನರನ್ನು ಕೇಳಿ 1989ರಲ್ಲಿ ಪ್ರಕಟಿಸಿದ ಅಧ್ಯಯನ ಪ್ರಸಿದ್ಧ. ಹೆಂಗಸರು ಸಂಪಾದನೆಗೆ ಗಂಡಸರಿಗಿಂತ ಹೆಚ್ಚು ಬೆಲೆ ಕೊಟ್ಟರು ಎಂಬ ಭಾಗವನ್ನು ಎಲ್ಲರೂ ಹೇಳುತ್ತಾರೆ. ಗುಣಗಳನ್ನು ಸಾಲಾಗಿ ಜೋಡಿಸಿ ಎಂದಾಗ ಗಂಡು ಹೆಣ್ಣು ಇಬ್ಬರೂ ಕರುಣೆ ಮತ್ತು ಬುದ್ಧಿಯನ್ನು ಮೇಲಿಟ್ಟರು ಎಂಬ ಭಾಗ ಯಾಕೋ ಯಾರ ಬಾಯಲ್ಲೂ ಬರುವುದಿಲ್ಲ.

ಕರುಣೆಯನ್ನು ಮಾತಿಲ್ಲದೆ ತೋರಿಸುವುದು ಹೇಗೆ? ತೋರಿಸಲು ಹೋಗಬೇಡಿ, ಇದ್ದರೆ ಕಾಣುತ್ತದೆ. ಹಿಂದೆ ಬರುವವರಿಗೆ ಬಾಗಿಲು ಹಿಡಿದ ಕೈ, ತಪ್ಪು ಮಾಡಿದ ಹೊಸ ಕೆಲಸದ ಹುಡುಗನ ಕಡೆ ನೋಡಿದ ನಿಮ್ಮ ಮುಖ, ಅವಳ ಮಾತು ನಡುವೆ ತಡವರಿಸಿದಾಗ ನೀವು ಸುಮ್ಮನೆ ಕಾದ ಎರಡು ಕ್ಷಣ. ನಾವು ಇದನ್ನೆಲ್ಲ ನೋಡುತ್ತಲೇ ಇರುತ್ತೇವೆ, ಅದೂ ನಿಮ್ಮ ಗಮನ ಬೇರೆ ಕಡೆ ಇದ್ದಾಗ.

ಹೆಜ್ಜೆ 9: ಹೊರಡುವುದು

ಮಾತು ಇನ್ನೂ ಚೆನ್ನಾಗಿ ನಡೆಯುತ್ತಿರುವಾಗಲೇ ಏಳಿ. ನಿಂತು, ಕಣ್ಣು ನೋಡಿ, ಒಂದು ಸಲ ತಲೆಯಾಡಿಸಿ, ನಡೆಯಿರಿ. ಬಾಗಿಲ ಹತ್ತಿರ ತಿರುಗಿ ನೋಡಬೇಕು ಅನಿಸಿದರೆ ಒಮ್ಮೆ ನೋಡಬಹುದು. ಹೊರಗೆ ಹೋದ ಮೇಲೆ ಕಿಟಕಿಯಿಂದ ಮತ್ತೆ ಇಣುಕಬೇಡಿ. ಹೋದ ಶಿಬಿರದಲ್ಲಿ ಒಬ್ಬ ಅದನ್ನೂ ಮಾಡಿದ.