ಶಾಲೆ ಅಂಗಳದಲ್ಲೊಂದು ಹೆಸರಿನ ಕಲ್ಲು

ಅಂಕೋಲಾ ತಾಲೂಕಿನ ನಮ್ಮ ಸಣ್ಣ ಊರಿನ ಶಾಲೆ ಅಂಗಳದಲ್ಲಿ ಒಂದು ಕರಿಕಲ್ಲು ನಿಂತಿದೆ. ಊರಿನಿಂದ ಸೈನ್ಯಕ್ಕೆ ಹೋದವರ ಹೆಸರು ಅದರ ಮೇಲಿವೆ. ನಾನು ಅದೇ ಶಾಲೆಯಲ್ಲಿ ಪಾಠ ಮಾಡಿ ನಿವೃತ್ತಿಯಾದವಳು. "ಅಕ್ಕೋರಿಗೆ ಎಲ್ಲಾ ಮನೆ ಗೊತ್ತು" ಅಂತ ಊರವರು ಹೆಸರು ಹುಡುಕುವ ಕೆಲಸ ನನಗೇ ಕಟ್ಟಿದರು. ಈಗ ಆಚೀಚೆ ಊರಿನವರು ಬಂದು ಕೇಳುತ್ತಾರೆ, ಕಲ್ಲು ಎಲ್ಲಿಂದ ತಂದ್ರಿ, ಎಷ್ಟಾಯ್ತು ಅಂತ. ಕಲ್ಲು ದೊಡ್ಡ ವಿಷಯವೇ ಅಲ್ಲ. ಅದರ ಮೇಲೆ ಯಾರಿರಬೇಕು ಅನ್ನುವುದು ಇತ್ಯರ್ಥ ಆಗುವ ಹೊತ್ತಿಗೆ ಅರ್ಧ ಊರು ಇನ್ನರ್ಧ ಊರಿನ ಹತ್ತಿರ ಮಾತು ಬಿಟ್ಟಿತ್ತು.

ಮೊದಲು ಹುಡುಗರಿಗೆ ಬೇಕಾಗಿದ್ದು ಪ್ರತಿಮೆ. ಕಾರವಾರದ ಟ್ಯಾಗೋರ್ ಬೀಚಿನಲ್ಲಿ, ವಾರ್‌ಶಿಪ್ ಮ್ಯೂಸಿಯಂ ಹತ್ತಿರ, ಪರಮವೀರ ಚಕ್ರ ಪಡೆದ ಮೇಜರ್ ರಾಮ ರಾಘೋಬಾ ರಾಣೆಯವರ ಪ್ರತಿಮೆ ಇದೆಯಲ್ಲ, ಅಂಥದ್ದು. ರಾಣೆಯವರು ಚೆಂಡಿಯಾದವರು, ನಮಗೆಲ್ಲ ಹೆಮ್ಮೆ. ಆದರೆ ಒಬ್ಬರ ಪ್ರತಿಮೆ ನಿಲ್ಲಿಸಿದರೆ ಉಳಿದ ಮನೆಯವರಿಗೆ ಏನು ಹೇಳುವುದು? ರಸ್ತೆ ಬದಿ ಪ್ರತಿಮೆಗೆ ಅನುಮತಿ ಕೊಡಬಾರದು ಅಂತ ಸುಪ್ರೀಂ ಕೋರ್ಟ್ 2013ರಲ್ಲೇ ಹೇಳಿದೆ. ಅದಿಲ್ಲದಿದ್ದರೂ ಹೈವೇ ಬದಿ ನಾನು ಒಪ್ಪುತ್ತಿರಲಿಲ್ಲ. ಚತುಷ್ಪಥ ಮಾಡುವಾಗ ನಮ್ಮ ಕಡೆ ಎಷ್ಟು ಕಟ್ಟೆ, ಎಷ್ಟು ಮರ ಹೋದವು ಅಂತ ನೋಡಿದವರೇ ಎಲ್ಲರೂ. ಹಾಗಾಗಿ ಶಾಲೆ ಅಂಗಳ ಅಂತಾಯಿತು. ಶಾಲೆಯ ಮೇಲುಸ್ತುವಾರಿ ಸಮಿತಿ ಎಸ್‌ಡಿಎಂಸಿಯಲ್ಲಿ ಒಂದು ಠರಾವು, ಪಂಚಾಯ್ತಿಯಲ್ಲಿ ಒಂದು ಠರಾವು, ಅಷ್ಟೇ.

ಹೆಸರು ಹುಡುಕುವಾಗ ನಾನು ಗೋಡೆ ಮೇಲಿನ ಫೋಟೋದಿಂದ ಶುರುಮಾಡಿದೆ. ಯೂನಿಫಾರ್ಮಿನ ಫೋಟೋ ಕಂಡರೆ ಕೂತು ಮಾತಾಡುವುದು, ಆಮೇಲೆ ಪೆನ್ಶನ್ ಆರ್ಡರ್, ಡಿಸ್ಚಾರ್ಜ್ ಬುಕ್ ಕೇಳುವುದು. ಮುಖ್ಯವಾಗಿ ಬೇಕಾದದ್ದು ಸೈನ್ಯದ ನಂಬರು. ರೆಜಿಮೆಂಟಿನ ರೆಕಾರ್ಡ್ ಆಫೀಸಿಗೆ ಬರೆಯುವಾಗ ನಂಬರಿದ್ದರೆ ಕೆಲಸ ಆಗುತ್ತದೆ, ಬರೀ ಹೆಸರಿಗೆ ಆಗುವುದಿಲ್ಲ. 1956ರ ತನಕ ನಮ್ಮ ಜಿಲ್ಲೆ ಮುಂಬೈ ಪ್ರಾಂತ್ಯದಲ್ಲಿತ್ತಲ್ಲ, ಹಾಗಾಗಿ ಹಳಬರನ್ನು ಹುಡುಕುವಾಗ ಬೆಳಗಾವಿಯ ಮರಾಠಾ ರೆಜಿಮೆಂಟು, ಪುಣೆ ಖಡ್ಕಿಯ ಬಾಂಬೆ ಸ್ಯಾಪರ್ಸ್ (ಸೈನ್ಯದ ಎಂಜಿನಿಯರ್ ಪಡೆ) ಎರಡನ್ನೂ ಮೊದಲು ನೋಡಬೇಕು. ರಾಣೆಯವರೂ ಸ್ಯಾಪರ್ಸಿನವರೇ.

ನಂಬರು ಯಾಕೆ ಅಷ್ಟು ಮುಖ್ಯ ಅಂದರೆ, ನಮ್ಮ ಊರಲ್ಲಿ ಅರ್ಧ ಜನ ನಾಯ್ಕ, ಉಳಿದರ್ಧ ಗೌಡ. ಸಾಲದ್ದಕ್ಕೆ ಸೈನ್ಯದಲ್ಲಿ ನಾಯಕ್ ಅಂತ ಒಂದು ಹುದ್ದೆಯೇ ಇದೆ. ಒಂದು ಹಳೆ ಕಾಗದದಲ್ಲಿ ಹೆಸರಿನ ಹಿಂದೊಂದು ನಾಯಕ್, ಮುಂದೊಂದು ನಾಯ್ಕ. ಇನ್ನೊಂದರಲ್ಲಿ ಗುಮಾಸ್ತ ಎರಡು ಸಲ ಯಾಕೆ ಅಂತ ಒಂದನ್ನು ಹೊಡೆದು ಹಾಕಿದ್ದ. ಹೋದದ್ದು ಹುದ್ದೆಯೋ ಅಡ್ಡಹೆಸರೋ ಅಂತ ತಿಳಿಯಲು ಅವರ ದಾಯಾದಿಗಳ ಮನೆಗೆಲ್ಲ ಹೋಗಬೇಕಾಯಿತು. ಆದ್ದರಿಂದ ಕಲ್ಲಿನ ಮೇಲೆ ಪ್ರತಿ ಹೆಸರಿನ ಜೊತೆ ಅಪ್ಪನ ಹೆಸರು, ಕೇರಿಯ ಹೆಸರು ಹಾಕಿದ್ದೇವೆ. ಹುದ್ದೆ ಹಾಕಿಲ್ಲ.

ಇನ್ನೊಂದು ತೊಡಕು ಸೀಬರ್ಡ್, ಕಾರವಾರದ ನೌಕಾನೆಲೆ ಯೋಜನೆ. ನೌಕಾನೆಲೆಗೆ ಜಾಗ ಬಿಟ್ಟುಕೊಟ್ಟ ಮನೆಗಳು ಚದುರಿ ಹೋಗಿವೆ. ನಮ್ಮೂರಿಗೆ ನೆಂಟಸ್ತಿಕೆ ಇದ್ದ ಎಷ್ಟೋ ಮನೆಯವರು ಈಗ ನಿರಾಶ್ರಿತರ ಕಾಲೋನಿಗಳಲ್ಲಿದ್ದಾರೆ. ಮನೆ ಬದಲಿಸುವಾಗ ಮೊದಲು ಕಳೆಯುವುದೇ ಟ್ರಂಕಿನ ತಳದ ಕಾಗದ. ಒಬ್ಬ ಅಜ್ಜ ನನ್ನ ಹತ್ತಿರ, "ಅಕ್ಕೋರೆ, ನೇವಿ ಸಲುವಾಗಿ ಮನೆ ಬಿಟ್ವಿ, ನಮ್ಮಣ್ಣ ಮಿಲಿಟ್ರಿಲಿ ಇದ್ದ ಅನ್ನೂ ಕಾಗದ ಆ ಗಡಿಬಿಡಿಲೇ ಹೋಯ್ತು" ಅಂದರು. ನಗುತ್ತಲೇ ಹೇಳಿದರು. ನನಗೆ ನಗು ಬರಲಿಲ್ಲ.

ಎಲ್ಲಕ್ಕಿಂತ ಹಳೇದು ಸಿಕ್ಕಿದ್ದು ಒಂದು ಪದಕ. ಅಜ್ಜಿಯೊಬ್ಬರು ಬಿಸ್ಕಿಟ್ ಡಬ್ಬಿಯಿಂದ ತೆಗೆದು ಕೊಟ್ಟರು. ಕಪ್ಪಾದ ಬೆಳ್ಳಿ. ಒಂದು ಬದಿ ರಾಜನ ತಲೆ, ಇನ್ನೊಂದು ಬದಿ ಕುದುರೆ ಮೇಲೆ ಬಟ್ಟೆ ಇಲ್ಲದ ಸವಾರ. ಮೊಮ್ಮಕ್ಕಳಿಗೆ ಅದನ್ನು ನೋಡಿ ನಗುವೋ ನಗು. "ಸೊನಗಾರನ ಹತ್ರ ಕೊಟ್ಟು ಮೊಮ್ಮಗಳಿಗೆ ಗೆಜ್ಜೆ ಮಾಡ್ಸೂಕೆ ನೋಡಿದ್ದೆ" ಅಂದರು ಅಜ್ಜಿ. ಮೊದಲ ಮಹಾಯುದ್ಧದ ಈ ಪದಕಗಳ ಅಂಚಿನಲ್ಲಿ ಸೈನಿಕನ ನಂಬರು, ಹುದ್ದೆ, ಹೆಸರು, ಪಲ್ಟನ್ ಸಣ್ಣ ಅಕ್ಷರದಲ್ಲಿ ಕೆತ್ತಿರುತ್ತಾರೆ. ಬರಿಗಣ್ಣಿಗೆ ಕಾಣಲಿಲ್ಲ. ಟಾರ್ಚನ್ನು ಓರೆಯಾಗಿ ಹಿಡಿದು, ಪದಕವನ್ನು ಚೂರುಚೂರೇ ತಿರುಗಿಸುತ್ತಾ ಮೊಬೈಲಿನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿದಾಗ ಒಂದೊಂದೇ ಅಕ್ಷರ ಎದ್ದು ಬಂತು. ಅಜ್ಜಿಯ ಮಾವನ ಹೆಸರು. ನಿಮ್ಮ ಮನೆಯಲ್ಲಿ ಇಂಥದ್ದಿದ್ದರೆ ಹುಣಸೆಹಣ್ಣು ಹಾಕಿ ತಿಕ್ಕಬೇಡಿ, ಮೊದಲು ಅಂಚು ಓದಿ.

ಎರಡೂ ಮಹಾಯುದ್ಧಗಳಲ್ಲಿ ಸತ್ತವರಿಗೆ, ಅವರ ಸಮಾಧಿ, ಸ್ಮಾರಕ ನೋಡಿಕೊಳ್ಳುವ ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ನಿನ ಪಟ್ಟಿ ಆನ್‌ಲೈನಿನಲ್ಲಿ ಸಿಗುತ್ತದೆ. ಕೆಲವರ ಹೆಸರಿನ ಮುಂದೆ ಅಪ್ಪನ ಹೆಸರು, ಊರೂ ಇರುತ್ತದೆ. ಹುಡುಕುವಾಗ ಜಿಲ್ಲೆಯನ್ನು ಹಳೆ ಹೆಸರಿನಲ್ಲಿ, ಅಂದರೆ ನಾರ್ತ್ ಕೆನರಾ ಅಂತ ಹಾಕಿ ನೋಡಿ. ಎಲ್ಲರೂ ಸಿಗುತ್ತಾರೆ ಅಂತಲ್ಲ. ಇರಾಕಿನ ಬಸ್ರಾದಲ್ಲಿರುವ ಮೊದಲ ಮಹಾಯುದ್ಧದ ಸ್ಮಾರಕದಲ್ಲಿ ಬ್ರಿಟಿಷ್ ಸಿಪಾಯಿಗಳ ಹೆಸರು ಕೆತ್ತಿದ್ದಾರೆ. ನಮ್ಮ ಸಾಮಾನ್ಯ ಜವಾನರದ್ದು ಪಲ್ಟನ್‌ವಾರು ಲೆಕ್ಕ ಮಾತ್ರ. ಇದನ್ನು ಮೀಟಿಂಗಿನಲ್ಲಿ ಹೇಳಿದಾಗ ಹುಡುಗರು ಸಿಟ್ಟಾದರು. ಆಮೇಲೆ ಹೆಸರು ಹುಡುಕಲು ನನ್ನ ಜೊತೆ ಸೈಕಲ್, ಬೈಕ್ ತಗೊಂಡು ಬಂದವರು ಅವರೇ.

ಜಗಳ ಆಗಿದ್ದು ಪಟ್ಟಿ ಸಿದ್ಧವಾದ ಮೇಲೆ. ನಮ್ಮೂರಲ್ಲಿ ಗುಂಡು ತಾಗಿ ಸತ್ತವರಿದ್ದಾರೆ. ಡ್ಯೂಟಿಯಲ್ಲಿದ್ದಾಗ ಲಾರಿ ಕಂದಕಕ್ಕೆ ಬಿದ್ದು ಸತ್ತವರಿದ್ದಾರೆ, ಜ್ವರ ಬಂದು ಸತ್ತವರಿದ್ದಾರೆ. ಎಲ್ಲರನ್ನೂ ಒಂದೇ ಸಾಲಿಗೆ ಹಾಕುವುದಾ? ಸೈನ್ಯದವರೇ ಬ್ಯಾಟಲ್ ಕ್ಯಾಶುವಲ್ಟಿ (ಕಾದಾಟದಲ್ಲಿ ಆದದ್ದು), ಫಿಸಿಕಲ್ ಕ್ಯಾಶುವಲ್ಟಿ (ಕಾಯಿಲೆ, ಅಪಘಾತದಂಥದ್ದು) ಅಂತ ಎರಡು ಮಾಡುತ್ತಾರೆ ಅಂದರು ನಮ್ಮ ಸುಬೇದಾರರು. ಅವರು ಹೇಳಿದ್ದು ಸರಿಯೇ, ಪೆನ್ಶನ್ನಿಗೆ ಆ ವ್ಯತ್ಯಾಸ ಬೇಕು. ಬಾಗಿಲ ಹತ್ತಿರ ಕೂತಿದ್ದ ಒಬ್ಬ ಹೆಂಗಸು ಮಾತ್ರ, "ನಮ್ಮನೆಯವರೇನು ಜ್ವರ ಬರ್ಲಿ ಅಂದೇಳಿ ಹೋಗಿದ್ರಾ?" ಅಂತ ಕೇಳಿದರು. ಸುಬೇದಾರರು ಆಮೇಲೆ ಮಾತಾಡಲಿಲ್ಲ.

ಕಲ್ಲಿನ ಎದುರು ಮುಖದಲ್ಲಿ ಸೇವೆಯಲ್ಲಿದ್ದಾಗ ತೀರಿಕೊಂಡವರು, ಹೇಗೇ ತೀರಿಕೊಂಡಿರಲಿ. ಹಿಂದಿನ ಮುಖದಲ್ಲಿ ಹೋಗಿ ತಿರುಗಿ ಬಂದವರು. ತಿರುಗಿ ಬಂದವರದ್ದು ಯಾಕೆ ಅಂತ ಕೇಳಿದವರಿಗೆ ನಾನು ರಾಣೆಯವರನ್ನೇ ತೋರಿಸಿದೆ. 1948ರ ಏಪ್ರಿಲ್‌ನಲ್ಲಿ ನೌಶೇರಾ-ರಾಜೌರಿ ದಾರಿಯಲ್ಲಿ ಗಾಯಗೊಂಡೂ ನೆಲಬಾಂಬು ತೆಗೆದು, ಟ್ಯಾಂಕುಗಳಿಗೆ ದಾರಿ ಮಾಡಿಕೊಟ್ಟರು. ಬದುಕಿದ್ದಾಗಲೇ ಪರಮವೀರ ಚಕ್ರ ಪಡೆದ ಮೊದಲಿಗರು ಅವರು. 1994ರ ತನಕ ಬದುಕಿದ್ದರು. ಸತ್ತವರಿಗೆ ಮಾತ್ರ ಅಂದರೆ ಅವರೂ ನಮ್ಮ ಕಲ್ಲಿಗೆ ಸಲ್ಲುತ್ತಿರಲಿಲ್ಲ, ಅಲ್ವಾ?

ದಾನಿಗಳ ಹೆಸರು, ಉದ್ಘಾಟಕರ ಹೆಸರು ಕಲ್ಲಿನ ಮೇಲೆ ಬೇಡ ಅಂತ ಮೊದಲೇ ಬರೆದಿಟ್ಟುಕೊಳ್ಳಿ. ನಮ್ಮಲ್ಲಿ ಒಬ್ಬರು ಹೆಸರಿಲ್ಲದಿದ್ದರೆ ದುಡ್ಡೂ ಇಲ್ಲ ಅಂದರು. ಇರಲಿ ಅಂದೆವು. ಲೆಕ್ಕಪತ್ರ ಶಾಲೆ ನೋಟಿಸ್ ಬೋರ್ಡಿಗೆ ಹಚ್ಚಿದೆವು.

ಇನ್ನು ಕಲ್ಲು. ಚಿರೆಕಲ್ಲು ಕಟ್ಟೆಗೆ ಚೊಲೋ, ಅಕ್ಷರಕ್ಕಲ್ಲ. ಅಮೃತಶಿಲೆ ನಮ್ಮ ಮಳೆಗೆ ಪಾಚಿ ಹಿಡಿದು ಹಸಿರಾಗುತ್ತದೆ. ಹಿತ್ತಾಳೆ ಅಕ್ಷರ ಕಳ್ಳರ ಪಾಲು. ಕಬ್ಬಿಣದ ಬೇಲಿಯನ್ನು ಉಪ್ಪುಗಾಳಿ ತಿಂದು ಹಾಕುತ್ತದೆ. ಕರಿಕಲ್ಲಿನಲ್ಲಿ ಆಳವಾಗಿ ಕೆತ್ತಿಸಿ. ಮೇಲೆ ಬಳಿದ ಬಂಗಾರದ ಬಣ್ಣ ಹೋದರೂ ಕೈಯಾಡಿಸಿ ಓದುವಂತಿರಬೇಕು. ಕೆಳಗೆ ಖಾಲಿ ಜಾಗ ಬಿಡಿ, ಹೆಸರು ಬರುತ್ತಲೇ ಇರುತ್ತವೆ.

ಗದ್ದೆ ಬದಿ ನಮ್ಮ ಬೀರನ ಕಲ್ಲಿದೆ, ಅಂದರೆ ಹಳೇ ವೀರಗಲ್ಲು. ಕೆಳಗೆ ಯುದ್ಧ, ನಡುವೆ ಅವನನ್ನು ಕರೆದೊಯ್ಯುವ ಅಪ್ಸರೆಯರು, ತುದಿಯಲ್ಲಿ ಲಿಂಗ, ಸೂರ್ಯ, ಚಂದ್ರ. ಅದಕ್ಕೆ ಎಣ್ಣೆ ಹಚ್ಚಿ, ಕಾಯಿ ಒಡೆಯುತ್ತಾರೆ. ಬೀರ ಯಾರು ಅಂತ ಮಾತ್ರ ಯಾರಿಗೂ ಗೊತ್ತಿಲ್ಲ. ಹೊಸ ಕಲ್ಲಿಗೂ ಎಣ್ಣೆ, ಕುಂಕುಮ ಶುರುವಾದಾಗ ಹೂವು ಸಾಕು ಅಂತ ಹೇಳಿದೆವು. ಎಣ್ಣೆ ಅಕ್ಷರದೊಳಗೆ ಕೂತು ಧೂಳು ಹಿಡಿಯುತ್ತದೆ. ಅದೂ ಅಲ್ಲದೆ, ಪಟ್ಟಿಯಲ್ಲಿ ಎಲ್ಲ ಜಾತಿಯವರೂ ಇದ್ದಾರೆ, ಕ್ರಿಶ್ಚಿಯನ್ನರೂ ಇದ್ದಾರೆ.

ಸೇರುವ ದಿನ ಡಿಸೆಂಬರ್ 16, 1971ರ ಯುದ್ಧ ಗೆದ್ದ ದಿನ, ಬೆಳಿಗ್ಗೆ. ಕಾರ್ಗಿಲ್ ದಿನ ಜುಲೈ 26ಕ್ಕೆ ನಮ್ಮಲ್ಲಿ ಛತ್ರಿ ಹಿಡಿದು ನಿಲ್ಲಲೂ ಆಗುವುದಿಲ್ಲ. ಭಾಷಣ ಇಲ್ಲ. ಮಕ್ಕಳು ಹೆಸರು ಓದುತ್ತಾರೆ, ಮನೆಯವರು ಹೂವಿಡುತ್ತಾರೆ, ಆಮೇಲೆ ಅವಲಕ್ಕಿ, ಚಾ.

ಈಗೊಂದು ಹೊಸ ತಕರಾರು ಬಂದಿದೆ. ಸಿಆರ್‌ಪಿಎಫ್‌ನಲ್ಲಿದ್ದು ತೀರಿಕೊಂಡ ಹುಡುಗನ ಹೆಸರು ಸೇರಿಸಿ ಅಂತ ಅವನ ಅಪ್ಪ ಅರ್ಜಿ ಕೊಟ್ಟಿದ್ದಾರೆ. ಅದು ಗೃಹ ಇಲಾಖೆಗೆ ಸೇರಿದ್ದು, ಸೈನ್ಯ ಅಲ್ಲ ಅಂತ ಸುಬೇದಾರರ ವಾದ. ಆ ಹುಡುಗ ನನ್ನ ಹತ್ತಿರ ನಾಲ್ಕನೇ ಕ್ಲಾಸು ಓದಿದವನು. ಮುಂದಿನ ಮೀಟಿಂಗಿಗೆ ವಿಷಯ ಇಟ್ಟಿದ್ದೇವೆ. ನನ್ನ ಮತ ಸೇರಿಸಬೇಕು ಅಂತಲೇ.