ಹಬ್ಬಕ್ಕೆ ಮೆಹಂದಿ: ನಾನು ಡಿಸೈನ್ ಆರಿಸೋದು ಹೀಗೆ

ಗೌರಿ ಹಬ್ಬಕ್ಕೆ ಇನ್ನೂ ವಾರ ಇರುವಾಗಲೇ ನಮ್ಮ ಮನೆಗೆ ಫೋನ್ ಹಿಡಿದುಕೊಂಡು ಬರುವವರು ಶುರುವಾಗುತ್ತಾರೆ. "ಅಕ್ಕಾ, ನನಗೆ ಇದೇ ಬೇಕು" ಅಂತ ಒಂದು ಚಿತ್ರ ತೋರಿಸುತ್ತಾರೆ. ನೋಡಿದರೆ ಅದು ಮದುವೆ ಹೆಣ್ಣಿನ ಕೈ, ಮೊಣಕೈವರೆಗೂ ಒಂದಿಷ್ಟೂ ಜಾಗ ಬಿಡದೆ ತುಂಬಿರುತ್ತೆ. ನಾನು ಮೈಸೂರಿನಲ್ಲಿ ಮನೆಯಲ್ಲೇ ಕೂತು ಅಕ್ಕಪಕ್ಕದವರಿಗೆ ಮೆಹಂದಿ ಹಾಕುವವಳು. ಡಿಸೈನ್ ಮಾತು ಆಮೇಲೆ, ಮೊದಲು ಕೇಳೋದು ಇದು: "ಹಬ್ಬದ ದಿನ ನಿಮ್ಮನೇಲಿ ಒಬ್ಬಟ್ಟು ತಟ್ಟೋದು ಯಾರು?"

ಸುಮ್ನೆ ಕೇಳೋದಲ್ಲ. ಒಲೆ ಮುಂದೆ ನಿಲ್ಲುವವರಿಗೆ ರಾತ್ರಿಯೆಲ್ಲ ಎರಡೂ ಕೈ ಕಟ್ಟಿಕೊಂಡು ಕೂರುವಷ್ಟು ಪುರುಸೊತ್ತು ಎಲ್ಲಿರುತ್ತೆ?

ಫೋನಿನ ಚಿತ್ರಗಳಲ್ಲಿ ಇನ್ನೊಂದು ತೊಂದರೆ ಇದೆ. ಅಲ್ಲಿ ಕಾಣೋದು ಆಗ ತಾನೇ ಹಾಕಿದ ಹಸಿ ಮೆಹಂದಿ. ಕಪ್ಪಗೆ, ಉಬ್ಬಿಕೊಂಡು, ಗೆರೆ ಗೆರೆಯೂ ಎದ್ದು ಕಾಣುತ್ತೆ. ಒಣಗಿ ಉದುರಿದ ಮೇಲೆ ಉಳಿಯೋದು ಕಿತ್ತಳೆ ಬಣ್ಣದ ಗುರುತು, ಅದು ಒಂದೆರಡು ದಿನದಲ್ಲಿ ಕೆಂಪಾಗಿ ಆಮೇಲೆ ಕಂದುಗೆಂಪಿಗೆ ತಿರುಗುತ್ತೆ. ಹಸಿ ಇದ್ದಾಗ ಚೆಂದ ಕಂಡ ಒತ್ತೊತ್ತು ಜಾಲರಿ ಆಗ ಬರೀ ಕೆಂಪು ಪಟ್ಟೆ ಥರ ಕಾಣುತ್ತೆ. ಅದಕ್ಕೇ ನನ್ನದೊಂದು ಪರೀಕ್ಷೆ ಇದೆ. ಫೋನನ್ನು ಕೈ ಚಾಚುವಷ್ಟು ದೂರ ಹಿಡಿದು ಕಣ್ಣು ಕಿರಿದು ಮಾಡಿ ನೋಡಿ ಅಂತೀನಿ. ಹೂವು ಯಾವುದು ಎಲೆ ಯಾವುದು ಗೊತ್ತಾದರೆ ಸರಿ, ಎಲ್ಲ ಸೇರಿ ಒಂದೇ ಮುದ್ದೆಯಾದರೆ ಆ ಡಿಸೈನ್ ಬೇಡ. ಎರಡು ಗೆರೆ ನಡುವೆ ಒಂದು ಅಕ್ಕಿಕಾಳಿನಷ್ಟಾದರೂ ಜಾಗ ಇರಬೇಕು.

ಕೈಯ ಯಾವ ಭಾಗಕ್ಕೆ ಏನು ಅನ್ನೋದೂ ಮುಖ್ಯ. ಎಲೆಯಲ್ಲಿರುವ ಲಾಸೋನ್ ಅನ್ನುವ ಬಣ್ಣ ಚರ್ಮದ ಮೇಲ್ಪದರಕ್ಕೆ ಹತ್ತುತ್ತೆ. ಅಂಗೈ, ಬೆರಳ ತುದಿ, ಅಂಗಾಲುಗಳಲ್ಲಿ ಆ ಪದರ ದಪ್ಪ. ಹಾಗಾಗಿ ಅಲ್ಲಿ ಬಣ್ಣ ಗಾಢ. ಕೈ ಹಿಂಬದಿಯಲ್ಲಿ ಅದೇ ಕೋನ್, ಅದೇ ಹೊತ್ತು, ಆದರೂ ತಿಳಿಯಾಗೇ ಬರುತ್ತೆ. ಇದಕ್ಕೆ ಮೆಹಂದಿಯನ್ನು ಬೈದು ಪ್ರಯೋಜನ ಇಲ್ಲ. ಸಣ್ಣ ಗೆರೆಯ ಕುಸುರಿ ಏನಿದ್ದರೂ ನಾನು ಅಂಗೈಗೆ ಹಾಕುತ್ತೇನೆ. ಹಿಂಬದಿಗೆ ದಪ್ಪ ಬಳ್ಳಿ, ದೊಡ್ಡ ಎಲೆ, ತುಂಬಿದ ಮಾವಿನಕಾಯಿ. ಅರೇಬಿಕ್ ಅಂತಾರಲ್ಲ, ಮಣಿಕಟ್ಟಿನಿಂದ ತೋರುಬೆರಳಿನವರೆಗೆ ಓರೆಯಾಗಿ ಹೋಗುವ ಬಳ್ಳಿ, ಅದು ಹಿಂಬದಿಗೆ ಹೇಳಿ ಮಾಡಿಸಿದ್ದು. ಬೇಗ ಮುಗಿಯುತ್ತೆ, ಬೇಗ ಒಣಗುತ್ತೆ.

ಈಗ ಬಾಗಿನದ ವಿಷಯ. ಮೊರವನ್ನು ಸೆರಗಿನಲ್ಲಿ ಮುಚ್ಚಿ ಎರಡೂ ಕೈಯಲ್ಲಿ ಹಿಡಿದು ಕೊಡುವಾಗ ಅಂಗೈ ಅಡಿಗೆ ಹೋಗುತ್ತೆ. ಎದುರಿಗಿರುವವರಿಗೆ ಕಾಣೋದು ಹೆಬ್ಬೆರಳು, ಅದರ ಬುಡ, ಹಾಗೇ ಸ್ವಲ್ಪ ಕೈ ಹಿಂಬದಿ. ಮಣಿಕಟ್ಟಿನ ತುಂಬ ಹಸಿರು ಬಳೆ. ಅಲ್ಲಿ ಕೂತು ತಾಳ್ಮೆಯಿಂದ ನವಿಲು ಬರೆದರೆ ಬಳೆ ಅಡಿಯಲ್ಲಿ ನವಿಲು ಮಾಯ! ಆದ್ದರಿಂದ ಬಾಗಿನ ಕೊಡುವ ಹೊಸ ಮದುಮಗಳಿಗೆ ಬಳೆ ಕೂರುವ ಜಾಗಕ್ಕೆ ಮುಂಚೆಯೇ ಡಿಸೈನ್ ನಿಲ್ಲಿಸಿ, ಹೆಬ್ಬೆರಳಿಗೆ ಸ್ವಲ್ಪ ಜಾಸ್ತಿ ಕೆಲಸ ಕೊಡುತ್ತೇನೆ. ಹೊಸ ಬಳೆ ತೊಡೋದಿದ್ದರೆ ಮೆಹಂದಿಗೆ ಮುಂಚೆಯೇ ತೊಟ್ಟು ಬನ್ನಿ ಅಂತಲೂ ಹೇಳುತ್ತೇನೆ. ಆಮೇಲೆ ಸೋಪು ಹಚ್ಚಿ ತೂರಿಸಿದರೆ ಬಣ್ಣಕ್ಕೇ ಏಟು.

ವರಮಹಾಲಕ್ಷ್ಮಿಗೆ ಲೆಕ್ಕ ಬೇರೆ. ಅವತ್ತು ಶುಕ್ರವಾರ ಸಂಜೆ ಮನೆ ಮನೆಗೆ ಅರಿಶಿನ ಕುಂಕುಮಕ್ಕೆ ಹೋಗ್ತೀವಿ, ತಾಂಬೂಲಕ್ಕೆ ಅಂಗೈ ಒಡ್ಡುತ್ತೀವಿ. ಹಾಗಾಗಿ ಅಂಗೈ ನಡುವೆ ಕಮಲ, ಸುತ್ತ ದಳ, ಅಷ್ಟು ಸಾಕು. ನಮ್ಮ ಚುಕ್ಕಿ ರಂಗೋಲಿಯ ಪುಸ್ತಕ ತೆಗೆದರೆ ಬೇಕಾದಷ್ಟು ಕಮಲ ಸಿಗುತ್ತೆ, ಅದನ್ನೇ ಚಿಕ್ಕದು ಮಾಡಿ ಬರೆಯೋದು.

ಗಣಪತಿ ಬರೆಯಿರಿ ಅಂತ ಕೇಳುವವರು ಇದ್ದಾರೆ. ನಾನು ಬರೆಯೋದಿಲ್ಲ. ಬಲಗೈಯಲ್ಲಿ ಊಟ ಮಾಡ್ತೀವಿ, ಎಡಗೈ ಏನೇನಕ್ಕೋ ಹೋಗುತ್ತೆ, ಎರಡರಲ್ಲೂ ಪಾತ್ರೆ ತಿಕ್ಕುತ್ತೀವಿ. ದೇವರನ್ನು ಎಲ್ಲಿ ಕೂರಿಸೋದು ಹೇಳಿ? ಗರಿಕೆ ಹಾಕಿಕೊಡ್ತೀನಿ, ಮೋದಕ ಹಾಕಿಕೊಡ್ತೀನಿ, ಆನೆ ಬೇಕಾದರೆ ಆನೆ. ಕೆಲವರು ಮುಖ ಊದಿಸಿಕೊಳ್ಳುತ್ತಾರೆ, ಊದಿಸಿಕೊಳ್ಳಲಿ.

ಮಕ್ಕಳಿಗೆ ಒಂದು ಚಿಟ್ಟೆಯೋ ಹೂವೋ ಸಾಕು, ಅದೂ ಒಂದೇ ಕೈಗೆ. ಕೆಲವು ಶಾಲೆಗಳಲ್ಲಿ ಮೆಹಂದಿ ಕಂಡರೆ ಬೈತಾರೆ, ಅಮ್ಮಂದಿರು ಮೊದಲೇ ಕೇಳಿಕೊಂಡಿದ್ದರೆ ಒಳ್ಳೇದು.

ವಯಸ್ಸಾದವರ ಕೈಗೆ ತೆಳು ಗೆರೆ ಹಾಕಲೇಬೇಡಿ. ಸುಕ್ಕಿನ ಮಧ್ಯೆ ಗೆರೆ ಸೊಟ್ಟಗಾಗುತ್ತೆ. ನಮ್ಮತ್ತೆಯಂತೂ ಕೋನ್ ಮುಟ್ಟೋದೇ ಇಲ್ಲ. ಹಿತ್ತಲಿನ ಗೋರಂಟಿ ಸೊಪ್ಪು ಕಿತ್ತು, ಹುಣಸೆಹಣ್ಣು, ಒಂದು ಚೂರು ಅಡಿಕೆ ಹಾಕಿ ಒರಳಲ್ಲಿ ಅರೆಸುತ್ತಾರೆ. ಅಂಗೈ ನಡುವೆ ರೂಪಾಯಿ ಬಿಲ್ಲೆಯಷ್ಟು ದೊಡ್ಡ ಚುಕ್ಕಿ, ಸುತ್ತ ಸಣ್ಣ ಚುಕ್ಕಿಗಳು, ಬೆರಳ ತುದಿಗೆಲ್ಲ ಟೋಪಿ. ನನ್ನ ಕಣ್ಣಿಗೆ ಹಬ್ಬದ ಕೈ ಅಂದ್ರೆ ಇವತ್ತಿಗೂ ಅದೇ. ಬಣ್ಣ ಚೆನ್ನಾಗಿ ಹತ್ತುವ ಜಾಗಕ್ಕೇ ಬಣ್ಣ ಹೋಗುತ್ತೆ, ದಪ್ಪಗೆ ಕೂರುತ್ತೆ. ಹತ್ತು ಹನ್ನೆರಡು ದಿನ ಆಗಿ ಕುಸುರಿ ಮಾಸಿದ ಮೇಲೂ ಚುಕ್ಕಿ ಗುರುತು ಸಿಗುತ್ತೆ.

ಹಾಕುವ ದಿನ ಹಬ್ಬದ ಎರಡು ದಿನ ಮುಂಚಿನ ರಾತ್ರಿಯಾದರೆ ಚೆನ್ನ. ಆರೇಳು ಗಂಟೆ ಇರಲಿ, ಆಮೇಲೆ ಉಜ್ಜಿ ಉದುರಿಸಿ, ಕೊಬ್ಬರಿ ಎಣ್ಣೆ ಹಚ್ಚಿ, ಆದಷ್ಟು ಹೊತ್ತು ನೀರು ತಾಗಿಸಬೇಡಿ. ಶ್ರಾವಣ, ಭಾದ್ರಪದದ ಮಳೆಗೆ ಕೈ ತಣ್ಣಗಿದ್ದರೆ ಬಣ್ಣ ಸರಿಯಾಗಿ ಏರೋದಿಲ್ಲ. ಅದಕ್ಕೇ ಬಿಸಿ ಹೆಂಚಿನ ಮೇಲೆ ನಾಲ್ಕು ಲವಂಗ ಹಾಕಿ, ಆ ಶಾಖಕ್ಕೆ ಕೈ ಹಿಡಿಯೋದು.

ಹತ್ತು ನಿಮಿಷದಲ್ಲಿ ಕಪ್ಪಾಗುತ್ತೆ ಅಂತ ಮಾರುವ ಕೋನ್ ಮಾತ್ರ ನನ್ನ ಮನೆಗೆ ತರಬೇಡಿ. ಬರೀ ಸೊಪ್ಪಿನ ಮೆಹಂದಿ ಅಷ್ಟು ಬೇಗ ಕಪ್ಪಾಗೋದೇ ಇಲ್ಲ. ಅಂಥದ್ದಕ್ಕೆ ಕೂದಲಿನ ಡೈಯಲ್ಲಿರುವ ಪಿಪಿಡಿ ಬೆರೆಸಿರಬಹುದು. ಅದು ಕೆಲವರಿಗೆ ಬೊಬ್ಬೆ ಎಬ್ಬಿಸುತ್ತೆ, ಕಲೆಯೂ ಉಳಿಯಬಹುದು.

ಇಷ್ಟೆಲ್ಲ ಹೇಳಿದರೂ ಹಬ್ಬದ ಹಿಂದಿನ ರಾತ್ರಿ ಹತ್ತು ಗಂಟೆಗೆ, ಹೂವು ಕಟ್ಟಿ, ಮಂಟಪ ತೊಳೆದು, ಸುಸ್ತಾಗಿ ಬಂದು ಕೂರುವವರು ಇದ್ದೇ ಇರುತ್ತಾರೆ. ಅವರಿಗೆ ಬಳ್ಳಿಯೂ ಇಲ್ಲ, ನವಿಲೂ ಇಲ್ಲ, ಅತ್ತೆಯ ಚುಕ್ಕಿ, ಟೋಪಿಯೇ. ಬೆಳಿಗ್ಗೆ ಎದ್ದಾಗ ಕಿತ್ತಳೆ ಬಣ್ಣ ಇದ್ದರೆ ಫೋನ್ ಮಾಡಬೇಡಿ, ಗಣಪತಿ ಬಿಡುವ ಹೊತ್ತಿಗೆ ಕೆಂಪಾಗಿರುತ್ತೆ.